ಚೀಟಿಯ ಎರಡನೆಯ ಪ್ರತಿ

ಮೂರನೆಯ ಔಷಧಿ ಅಂಗಡಿಯವನೂ ಡಾಕ್ಟರ ಚೀಟಿಯನ್ನು ಖೋಟಾ ನೋಟಿನ ಹಾಗೆ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಧನ್ಯಾಳ ಮುಖ ನೋಡಿದ, ಮತ್ತೆ ಚೀಟಿ ನೋಡಿದ. ಅವನ ಉಗುರಿನ ಸಂದಿಯಲ್ಲಿ ಯಾವುದೋ ಸಿರಪ್ಪಿನ ಗುಲಾಬಿ ಬಣ್ಣ ಒಣಗಿಕೊಂಡಿತ್ತು. ಇಂಥ ಬೆರಳಿನವನು ತನ್ನನ್ನು ಅಳೆಯುತ್ತಿದ್ದಾನಲ್ಲ ಎಂದು ಅವಳಿಗೆ ನಗು ಬಂತು. ನಕ್ಕರೆ ಅದನ್ನೂ ರೋಗದ ಲೆಕ್ಕಕ್ಕೆ ಸೇರಿಸಿಯಾನು ಎಂದು ತುಟಿ ಬಿಗಿದಳು. ಇದು ನಮ್ಮಲ್ಲಿಲ್ಲ, ಇದಕ್ಕೆ ಬೇರೆ ಲೈಸೆನ್ಸ್ ಬೇಕು, ಇಟ್ಟುಕೊಂಡರೆ ಸುಮ್ಮನೆ ತಲೆನೋವು ಎಂದ ಅವನು, ಚೀಟಿಯನ್ನು ಎರಡೇ ಬೆರಳಲ್ಲಿ ಹಿಡಿದು ವಾಪಸು ಕೊಡುತ್ತ, ಯಾರಿಗೆ ಈ ಮಾತ್ರೆ ಎಂದು ಕೇಳಿದ. ಮೊದಲ ಅಂಗಡಿಯಲ್ಲಿ ಅವಳು ನಿಜ ಹೇಳಿದ್ದಳು. ಎರಡನೆಯದರಲ್ಲಿ ಅಣ್ಣನ ಮಗನಿಗೆ ಎಂದಿದ್ದಳು. ಇಲ್ಲಿ ಚೀಟಿಯನ್ನು ಬ್ಯಾಗಿಗೆ ತುರುಕಿ ಮೆಟ್ಟಿಲಿಳಿದಳು. ಬೆನ್ನ ಹಿಂದೆ ಅವನು ಪಕ್ಕದವನಿಗೆ ಏನೋ ಹೇಳಿದ್ದು, ಪಕ್ಕದವನು ‘ಹೌದಾ’ ಅಂದದ್ದು ಕೇಳಿಸಿತು. ಆ ‘ಹೌದಾ’ದಲ್ಲಿದ್ದ ಖುಷಿಯನ್ನು ಅವಳು ಚೆನ್ನಾಗಿ ಬಲ್ಲಳು. ಚಿಕ್ಕಮಗಳೂರಿನ ಈ ಬಿಸಿಲು, ರಸ್ತೆಯ ಅಂಚಿಗೆ ಅಡ್ಡಾದಿಡ್ಡಿ ನಿಂತ ಪ್ರವಾಸಿಗಳ ಕಾರುಗಳು, ಕಾಫಿಪುಡಿ ಅಂಗಡಿಯ ಮುಂದೆ ಫೋಟೋ ತೆಗೆಸಿಕೊಳ್ಳುವ ಟೋಪಿಯ ಜನ, ಎಲ್ಲವೂ ಒಟ್ಟಿಗೆ ಅವಳ ತಲೆಯೊಳಗೆ ನುಗ್ಗುತ್ತಿದ್ದವು. ಮಾತ್ರೆ ಮುಗಿದು ವಾರವಾಗಿತ್ತು. ಮಾತ್ರೆ ಇಲ್ಲದ ತಲೆಗೆ ಬಾಗಿಲು ಇರುವುದಿಲ್ಲ. ಯಾರು ಬೇಕಾದರೂ ಚಪ್ಪಲಿ ಹಾಕಿಕೊಂಡೇ ಒಳಗೆ ಬರಬಹುದು.

ಮಂಗಳೂರಿನ ಡಾಕ್ಟರು ಎರಡು ವರ್ಷದ ಹಿಂದೆ, ಅವಳಿಗೆ ಮೂವತ್ತೆಂಟು ತುಂಬಿದ ಮೇಲೆ, ಗಮನ ನಿಲ್ಲದ ಈ ತೊಂದರೆಗೆ ಒಂದು ಹೆಸರು ಕೊಟ್ಟಾಗ ಅವಳು ಆ ಕೋಣೆಯಲ್ಲೇ ಅತ್ತಿದ್ದಳು. ಹೊರಗೆ ಕಾಯುತ್ತಿದ್ದ ರಾಜೀವ್, ಹೆಸರು ಕೇಳಿ, ಇದೆಲ್ಲ ಶಾಲೆಗೆ ಹೋಗೋ ಮಕ್ಕಳ ಕಾಯಿಲೆ ಅಲ್ವಾ ಮಾರಾಯ್ತಿ, ಎಂದು ಕಾರಿನ ಕೀ ತಿರುಗಿಸಿದ್ದ. ಒಳ್ಳೆಯ ಮನುಷ್ಯ. ತೋಟದ ಪ್ರತಿ ಬ್ಲಾಕಿನಲ್ಲೂ ಯಾವ ಸಿಲ್ವರ್ ಮರಕ್ಕೆ ಎಷ್ಟು ಮೆಣಸಿನ ಬಳ್ಳಿ ಹಬ್ಬಿದೆ ಎಂದು ನಿದ್ದೆಯಲ್ಲೂ ಹೇಳಬಲ್ಲ. ಹೆಂಡತಿಯ ತಲೆಯೊಳಗೆ ಏನು ಹಬ್ಬಿದೆ ಎಂದು ತಿಳಿಯುವ ಗೋಜಿಗೆ ಹೋದವನಲ್ಲ. ಅತ್ತೆ ನಂಜಮ್ಮ ಅಷ್ಟೂ ಕಷ್ಟಪಡಲಿಲ್ಲ. ‘ನಮ್ಮ ಕಾಲದಲ್ಲಿ ಇದಕ್ಕೆ ಉದಾಸೀನ ಅಂತಿದ್ರು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಮೂಡಿಗೆರೆ ಬಳಿಯ ಜಾವಳಿಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ, ಮಾವನವರ ತಿಥಿಯ ದಿನ, ಕಡುಬು ಬೇಯಲಿಟ್ಟು ಅವಳು ಹಿತ್ತಿಲಿಗೆ ಹೋಗಿ ಅಲ್ಲೇ ನಿಂತುಬಿಟ್ಟಿದ್ದಳು. ಯಾಕೆ ನಿಂತಳು, ಏನು ನೋಡುತ್ತಿದ್ದಳು, ಇವತ್ತಿಗೂ ನೆನಪಿಲ್ಲ. ಪಾತ್ರೆಯ ತಳ ಸೀದು ಮನೆಯೆಲ್ಲ ಹೊಗೆಯಾಗಿ, ಊಟಕ್ಕೆ ಕೂತಿದ್ದ ನೆಂಟರು ಕೆಮ್ಮಿಕೊಂಡೇ ನಕ್ಕರು. ಹದಿನೈದು ವರ್ಷವಾದರೂ ಆ ನಗು ಮುಗಿದಿಲ್ಲ. ನಾಳೆ ಅದೇ ಮನೆಯಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಸಕಲೇಶಪುರದ ದೊಡ್ಡ ಪ್ಲಾಂಟರುಗಳು. ಅಡುಗೆಯವರು, ಶಾಮಿಯಾನದವರು, ಪುರೋಹಿತರು, ಹೂವಿನವರು, ಎಲ್ಲರ ಹಗ್ಗವೂ ಧನ್ಯಾಳ ಕೈಯಲ್ಲಿ. ಎಲ್ಲರ ಕಣ್ಣೂ ಆ ಕೈಯ ಮೇಲೆ, ಯಾವ ಹಗ್ಗ ಮೊದಲು ಜಾರುತ್ತದೆ ಎಂದು.

ಮೂಡಿಗೆರೆಯ ಯಾವ ಮೆಡಿಕಲ್ಲಿನಲ್ಲೂ ಈ ಮಾತ್ರೆ ಇಡುವುದಿಲ್ಲ. ಚಿಕ್ಕಮಗಳೂರಿನಲ್ಲಿ ರೇವಣ್ಣನವರ ಅಂಗಡಿಯಲ್ಲಿ ಮಾತ್ರ ಸಿಕ್ಕೀತು ಎಂದು ಡಾಕ್ಟರ ಸಹಾಯಕಿ ಫೋನಿನಲ್ಲಿ ಹೇಳಿದ್ದಳು. ಡಾಕ್ಟರ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಎಂದೂ ನೆನಪಿಸಿದ್ದಳು. ಎರಡನೆಯ ಪ್ರತಿಯನ್ನು ಮರೆಯಬಾರದೆಂದೇ ಧನ್ಯಾ ಅದನ್ನು ಹಿಂದಿನ ದಿನವೇ ತೆಗೆದು ಊಟದ ಮೇಜಿನ ಮೇಲೆ ಇಟ್ಟಿದ್ದಳು. ಅದು ಈಗಲೂ ಅಲ್ಲೇ ಇದೆ. ಆಲ್ದೂರು ದಾಟಿದ ಮೇಲೆ ಅದು ನೆನಪಾದಾಗ ಅವಳು ಕಾರು ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಿದ್ದಳು. ರೇವಣ್ಣನದು ಕೊನೆಯ ಬಾಗಿಲು. ಅಲ್ಲಿ ಇಲ್ಲವೆನ್ನಿಸಿಕೊಂಡರೆ ಮುಂದೆ ಹೋಗಲು ಜಾಗವಿಲ್ಲ. ಅದಕ್ಕೇ, ಬೇರೆ ಕಡೆ ಸಿಕ್ಕೀತೇನೋ ಎಂದು ಮೊದಲು ಮೂರು ಅಂಗಡಿ ಹತ್ತಿ ಇಳಿದಿದ್ದಳು. ಕಾಗದ ಕಳೆದುಕೊಳ್ಳುವ ರೋಗ; ಕಾಗದ ಜೋಪಾನ ಮಾಡಿದವರಿಗೆ ಮಾತ್ರ ಅದರ ಮದ್ದು. ಈ ಕಾನೂನು ಮಾಡಿದವನು ಯಾವತ್ತೂ ಏನನ್ನೂ ಎಲ್ಲೂ ಮರೆತು ಬಂದಿರಲಾರ. ಅವನ ಮನೆಯಲ್ಲಿ ಕೊಡೆಗಳು ಕೊಡೆಯ ಮೂಲೆಯಲ್ಲೇ ಇರುತ್ತವೆ. ಅವನ ಹೆಂಡತಿ ಅವನನ್ನು ಒಳಗೊಳಗೇ ದ್ವೇಷಿಸುತ್ತಿರಬೇಕು.

ರೇವಣ್ಣನ ಅಂಗಡಿ ಅಡ್ಡರಸ್ತೆಯೊಂದರಲ್ಲಿತ್ತು. ಗಾಜಿನ ಕೌಂಟರಿನ ಮೇಲೆ ಲಕ್ಷ್ಮಿಯ ಪಟ, ಅದರ ಕೆಳಗೆ ಕೆಮ್ಮಿನ ಗುಳಿಗೆಯ ಡಬ್ಬಿ. ಏಳೆಂಟು ಜನ ಮುಗಿಬಿದ್ದಿದ್ದರು. ರೇವಣ್ಣ ಎತ್ತರದ ಸ್ಟೂಲಿನ ಮೇಲೆ ಕೂತು ಯಾರ ಮುಖವನ್ನೂ ನೋಡದೆ ಕೈ ಚಾಚುತ್ತಿದ್ದ. ಕೈಗೆ ಚೀಟಿ ಬಂದರೆ ಓದುತ್ತಿದ್ದ, ಗಟ್ಟಿಯಾಗಿ. ಸಕ್ಕರೆ ಕಾಯಿಲೆಯವರ ಸಕ್ಕರೆ, ಮೂಲವ್ಯಾಧಿಯವರ ಮೂಲವ್ಯಾಧಿ, ಎಲ್ಲವೂ ಅಲ್ಲಿ ಊರಿನ ಸ್ವತ್ತು. ಅವನ ಕಿವಿಗಳಿಂದ ಬಿಳಿ ಕೂದಲು ಹೊರಗೆ ಇಣುಕುತ್ತಿತ್ತು. ಕೌಂಟರಿನ ಒಂದು ತುದಿಯಲ್ಲಿ ಖಾಕಿ ಬಣ್ಣದ ಪ್ಯಾಂಟು ಹಾಕಿದ್ದ ಯುವಕನೊಬ್ಬ ಗೋಡೆಗೆ ಒರಗದೆ, ಯಾರಿಗೂ ತಾಗದೆ ನಿಂತಿದ್ದ. ಪ್ಲಾಸ್ಟಿಕ್ ಕವರಿನೊಳಗೆ ಎರಡು ಚೀಟಿಗಳನ್ನು ನೀಟಾಗಿ ಹಿಡಿದುಕೊಂಡಿದ್ದ. ಸಾಲ ಕೇಳಲು ಬಂದವನಿರಬೇಕು ಎಂದುಕೊಂಡಳು ಧನ್ಯಾ, ಹೀಗೆ ನಿಲ್ಲುವವರನ್ನು ಅವಳು ತೋಟದ ಆಫೀಸಿನ ಜಗಲಿಯ ಮೇಲೆ ಬೇಕಾದಷ್ಟು ನೋಡಿದ್ದಳು.

ಅವಳು ಚೀಟಿ ಚಾಚಿದಳು. ರೇವಣ್ಣ ಬಾಯಿ ತೆರೆದು ಓದಲು ಹೊರಟವನು, ಮಾತ್ರೆಯ ಹೆಸರಿನಲ್ಲಿ ಮೀಥೈಲ್ ಎಂಬಲ್ಲಿಗೆ ನಿಂತ. ಮೊದಲ ಸಲ ತಲೆಯೆತ್ತಿದ. ಹೆಸರು, ವಿಳಾಸ ಓದಿದ. ಅವನ ಮುಖ ನಿಧಾನವಾಗಿ, ಎಣ್ಣೆ ಹಚ್ಚಿದ ಹಾಗೆ ಮೃದುವಾಯಿತು.

‘ಜಾವಳಿ ರಾಜೀವಣ್ಣನ ಮನೆಯವ್ರಲ್ವಾ ಅಮ್ಮ? ಹೊನ್ನೆಕಾಡು ಎಸ್ಟೇಟು?’

ಹೌದೆಂದಳು. ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ ಎಂದು ಸ್ಟೂಲಿನಿಂದ ಇಳಿದೇ ಬಿಟ್ಟ. ಅವನ ಅಣ್ಣನ ಕಾಫಿ ಒಂದು ಕಾಲಕ್ಕೆ ಹೊನ್ನೆಕಾಡಿನ ಲಾರಿಯಲ್ಲೇ ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಬರುತ್ತಿತ್ತಂತೆ. ಧನ್ಯಾಳಿಗೆ ಅವನ ಮೇಲೆ ಅಸಹ್ಯ ಉಕ್ಕಿತು. ಒಂದು ಕ್ಷಣದ ಹಿಂದೆ ಇವನೂ ಆ ಮೂವರ ಹಾಗೇ ಅವಳನ್ನು ಅಳೆಯಲು ಹೊರಟವನು. ಗಂಡನ ಹೆಸರು ಕಂಡದ್ದೇ ಬೆನ್ನುಮೂಳೆ ಬಗ್ಗಿತು. ಇಂಥವನ ಮುಂದೆ ಎರಡನೆಯ ಪ್ರತಿ ಮನೆಯಲ್ಲಿ ಮರೆತು ಬಂದೆ ಎಂದು ಹೇಳಬೇಕಲ್ಲ. ಹೇಳಿದಳು. ಧ್ವನಿ ಅವಳು ಬಯಸಿದ್ದಕ್ಕಿಂತ ಸಣ್ಣದಾಗಿ ಬಂತು. ಅಯ್ಯೋ, ಅದಕ್ಕೇನಂತೆ, ನಾಳೆ ನಾಡಿದ್ದು ಯಾರ ಕೈಲಾದರೂ ಕಳಿಸಿ, ಎಂದ ರೇವಣ್ಣ. ಹಿಂದಿನ ಬೀರುವಿನ ಬೀಗ ತೆಗೆದು ಎರಡು ಸ್ಟ್ರಿಪ್ ತಂದು ಗಾಜಿನ ಮೇಲಿಟ್ಟ. ‘ಇಷ್ಟೇ ಇರೋದು ಅಮ್ಮ. ಇನ್ನು ಮಂಗಳವಾರ ಬರ್ಬೇಕು.’

ಆಗ ಕೌಂಟರಿನ ತುದಿಯಿಂದ ಯುವಕ ಒಂದು ಹೆಜ್ಜೆ ಮುಂದೆ ಬಂದ.

‘ಸಾರ್, ನಾನು ಬೆಳಗ್ಗೆಯಿಂದ ನಿಂತಿದೀನಿ. ನಂದೂ ಅದೇ ಮಾತ್ರೆ.’

ಎಲ್ಲರೂ ತಿರುಗಿದರು. ರೇವಣ್ಣನ ಮುಖದ ಎಣ್ಣೆ ಇಂಗಿಹೋಯಿತು. ನಿನಗೆ ಆಗಲೇ ಹೇಳಿದೆನಲ್ಲ, ಸೀಲು ಸರಿಯಾಗಿ ಬಿದ್ದಿಲ್ಲ, ಡಾಕ್ಟರ ರಿಜಿಸ್ಟರ್ ನಂಬರಿನ ಕೊನೇ ಅಂಕಿ ಕಾಣುವುದಿಲ್ಲ, ನಾಳೆ ಯಾರಾದರೂ ಬಂದು ಕೇಳಿದರೆ ನಾನೇನು ಹೇಳಲಿ, ಎಂದ. ಇನ್ನೊಂದು ಪ್ರತಿಯಲ್ಲಿ ಸರಿಯಾಗಿ ಬಿದ್ದಿದೆ, ಬೇಕಾದರೆ ಶಿವಮೊಗ್ಗದ ಡಾಕ್ಟರಿಗೇ ಫೋನ್ ಮಾಡಿ ಕೇಳಿ, ನಂಬರ್ ಕೊಡುತ್ತೇನೆ, ಎಂದ ಯುವಕ. ಹೆಸರು ಗಿರಿ, ಕಳಸದಿಂದ ಮೊದಲ ಬಸ್ಸಿಗೆ ಬಂದವನು ಎಂಬುದೂ ಆ ಮಾತಿನಲ್ಲೇ ತಿಳಿಯಿತು. ರೇವಣ್ಣ ಅವನ ಕವರನ್ನು ಮುಟ್ಟಲೂ ಇಲ್ಲ. ಏನು ಕೆಲಸ ಮಾಡುತ್ತೀಯ ಎಂದು ಕೇಳಿದ. ಗಿರಿ ಸುತ್ತ ನೋಡಿ, ಧ್ವನಿ ತಗ್ಗಿಸಿ, ಕರೆಂಟಿನವರಲ್ಲಿ ಲೈನ್‌ಮ್ಯಾನ್ ಎಂದ.

‘ಕಂಬ ಹತ್ತೋನಿಗೆ ಈ ತಲೆ ಮಾತ್ರೆ ಯಾಕಯ್ಯಾ?’ ರೇವಣ್ಣನ ಗಂಟಲು ರಸ್ತೆಯವರೆಗೆ ಹೋಯಿತು.

‘ಕಂಬ ಹತ್ತೋದಕ್ಕೇ ಸಾರ್.’

ಯಾರೋ ಕಿಸಕ್ಕನೆ ನಕ್ಕರು. ಧನ್ಯಾ ನಗಲಿಲ್ಲ. ಆದರೆ ಅವನ ಕಾಲರಿನ ಒಳಗಿನ ಬೆವರಿನ ಕಂದು ಗೆರೆ, ಒಡೆದ ಹಿಮ್ಮಡಿ, ಅಂಗೈಯ ಜಡ್ಡು ಎಲ್ಲವೂ ಒಂದೊಂದಾಗಿ ಅವಳ ಕಣ್ಣಿಗೆ ಬಿದ್ದವು. ಇವನಿಗೂ ಅದೇ ರೋಗವೆ? ಎರಡು ವರ್ಷದಿಂದ ಅವಳು ಆ ಹೆಸರನ್ನು ಒಡವೆಯ ಹಾಗೆ ಒಳಗಿಟ್ಟುಕೊಂಡಿದ್ದಳು, ಯಾರಿಗೂ ತೋರಿಸದೆ, ತನಗೊಬ್ಬಳಿಗೇ ಗೊತ್ತಿರುವ ಬೆಲೆಯ ವಸ್ತುವಿನಂತೆ. ಉದಾಸೀನವಲ್ಲ, ದಡ್ಡತನವಲ್ಲ, ಇದು ಬೇರೆ, ಇದು ಸೂಕ್ಷ್ಮದವರಿಗೆ ಬರುವುದು ಎಂದು. ಅದು ಇವನ ಕೊರಳಿನಲ್ಲೂ ಇದೆ ಎನ್ನುವುದು ಅವಳಿಗೆ ಒಂದು ಬಗೆಯ ಅವಮಾನದಂತೆ ತೋರಿತು. ಪುಡಿ ಮಾಡಿ ಮೂಗಿಗೆ ಏರಿಸುವವನೋ, ಮಾರುವವನೋ ಯಾರು ಬಲ್ಲರು ಎಂದೂ ಒಂದು ಯೋಚನೆ ಬಂತು. ಬಂದ ಕೂಡಲೇ, ಸಿರಪ್ಪಿನ ಉಗುರಿನವನು ತನ್ನ ಬಗ್ಗೆ ಯೋಚಿಸಿದ್ದು ಇದನ್ನೇ ಎಂದು ಗೊತ್ತಾಯಿತು. ಗೊತ್ತಾದದ್ದರಿಂದ ಏನೂ ಬದಲಾಗಲಿಲ್ಲ. ರೇವಣ್ಣ ಸ್ಟ್ರಿಪ್ಪುಗಳನ್ನು ಕಂದು ಕವರಿಗೆ ಹಾಕಿ, ಕವರನ್ನು ಎರಡು ಮಡಿಕೆ ಮಡಿಸಿ, ಗಿರಿಯ ತಲೆಯ ಪಕ್ಕದಿಂದಲೇ ಅವಳ ಕಡೆ ಚಾಚಿದ. ತೆಗೆದುಕೊಂಡಳು. ನಾಳೆಯಿಂದ ಮತ್ತೆ ಲೈನಿನ ಮೇಲೆ ಕೆಲಸವಿದೆ ಸಾರ್, ಒಂದು ಸ್ಟ್ರಿಪ್ ಆದರೂ, ಎನ್ನುತ್ತಿದ್ದ ಗಿರಿ. ಅವನು ಅದನ್ನು ರೇವಣ್ಣನಿಗೆ ಹೇಳುತ್ತಿದ್ದರೂ ನೋಡುತ್ತಿದ್ದದ್ದು ಅವಳ ಕಡೆ. ಅವಳು ಬ್ಯಾಗಿನ ಜಿಪ್ಪು ಎಳೆಯುತ್ತ ನಿಂತಳು. ಜಿಪ್ಪು ಸುಲಭವಾಗಿ ಎಳೆದುಕೊಳ್ಳುವಂಥದ್ದೇ. ರಾಜೀವಣ್ಣಂಗೆ ಕೇಳಿದೆ ಅಂತ ಹೇಳಿ ಅಮ್ಮ, ಎಂದು ರೇವಣ್ಣ ಮೆಟ್ಟಿಲವರೆಗೆ ಬಂದು ಕಳಿಸಿಕೊಟ್ಟ.

ಊರು ದಾಟಿದ ಮೇಲೆ ಕಾರಿನ ಕಿಟಕಿಯಿಂದ ಕಾಫಿ ಹೂವಿನ ವಾಸನೆ ಬಂತು. ಯಾರದೋ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿ ಮಳೆಗೆ ಮೊದಲೇ ಹೂ ಬಿಡಿಸಿದ್ದರು. ಕಂಬಗಳು ಒಂದಾದ ಮೇಲೊಂದು ಹಿಂದೆ ಹೋಗುತ್ತಿದ್ದವು. ಅವಳು ಅವನ್ನು ನೋಡಬಾರದೆಂದುಕೊಂಡಷ್ಟೂ ನೋಡಿದಳು. ತಪ್ಪು ರೇವಣ್ಣನದು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣನೂ ಪ್ಲಾಂಟರ ಹೆಂಡತಿಗೆ ಬಾಗುತ್ತಾನೆ, ಅದಕ್ಕೆ ಅವಳೇನು ಮಾಡಬೇಕು? ಹಾಗೆ ನೋಡಿದರೆ ತಪ್ಪು ಆ ಹುಡುಗನದೂ ಇದೆ. ಬೆಳಗ್ಗೆಯಿಂದ ಮೂಲೆಯಲ್ಲಿ ನಿಲ್ಲುವ ಬದಲು ಜೋರು ಮಾಡಬೇಕಿತ್ತು. ಈ ಜನಕ್ಕೆ ನಿಲ್ಲುವುದೊಂದು ಗೊತ್ತು. ತೋಟದ ಕೂಲಿಗಳ ಲೈನು ಮನೆಯ ತಂಗಮ್ಮನೂ ಹೀಗೇ ನಿಂತಿದ್ದಳು, ಹೋದ ವರ್ಷ. ಹೊಟ್ಟೆಯ ಸ್ಕ್ಯಾನಿಂಗಿಗೆ ತಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ, ರಸ್ತೆಗೆ ಬಂದು ನಿಂತಿರು ಎಂದು ಹೇಳಿ ಧನ್ಯಾ ಮರೆತುಬಿಟ್ಟಿದ್ದಳು. ತಂಗಮ್ಮ ಒಳ್ಳೆಯ ಸೀರೆ ಉಟ್ಟು, ಹೇಳಿದ ಹಾಗೆ ನೀರು ಕುಡಿದು, ಮಧ್ಯಾಹ್ನದವರೆಗೆ ಗೇಟಿನ ಹತ್ತಿರ ನಿಂತಿದ್ದು ಆಮೇಲೆ ಕೆಲಸಕ್ಕೆ ಹೋದಳಂತೆ. ಇರಲಿ ಬಿಡಿ ಅಮ್ಮ, ನಿಮಗೆ ನೂರು ತಾಪತ್ರಯ ಎಂದಿದ್ದಳು. ಅವತ್ತು ಧನ್ಯಾ ಅತ್ತು, ಇದು ನನ್ನ ಕಾಯಿಲೆ ತಂಗಮ್ಮ ಎಂದಾಗ, ಅವಳು ಅರ್ಥವಾಗದೆಯೂ ತಲೆಯಾಡಿಸಿದ್ದಳು. ಕ್ಷಮಿಸಿದವರನ್ನು ಕಂಡರೆ ಧನ್ಯಾಳಿಗೆ ಮೊದಲಿನಿಂದಲೂ ಆಗುವುದಿಲ್ಲ. ಅವತ್ತಿನಿಂದ ತಂಗಮ್ಮ ಎದುರಾದರೆ ಫೋನು ಕಿವಿಗೆ ಹಿಡಿದುಕೊಂಡು ದಾಟಿಹೋಗುತ್ತಾಳೆ.

ಆಲ್ದೂರಿನಲ್ಲಿ ಬಾಯಾರಿ ಕಾರು ನಿಲ್ಲಿಸಿದಳು. ಚಹದ ಅಂಗಡಿಯ ಮುಂದೆ ನಿಂತಳು, ಲೋಟ ಕೈಗೆ ಬರುವ ಹೊತ್ತಿಗೆ ಕಳಸದ ಬಸ್ಸು ಬಂತು, ಜನ ಇಳಿದರು, ಅವರ ನಡುವೆ ಗಿರಿ. ಅವನು ನೀರಿನ ಬಾಟಲಿ ತುಂಬಿಸಿಕೊಳ್ಳುತ್ತಿದ್ದ. ಓಡಿ ಕಾರು ಹತ್ತಬೇಕೆಂದು ಮೊದಲು ಅನ್ನಿಸಿತು. ಆದರೆ ಬೇರೊಂದು ಯೋಚನೆ, ಎಷ್ಟು ಸರಳ, ಎಷ್ಟು ಉದಾರ, ಅವಳನ್ನು ಹಿಡಿದು ನಿಲ್ಲಿಸಿತು. ಅರ್ಧ ಕೊಟ್ಟುಬಿಡುವುದು. ಈ ಉಪಾಯ ರೇವಣ್ಣನಿಗೆ ಹೊಳೆಯಲಾರದು, ರಾಜೀವನಿಗೂ ಹೊಳೆಯಲಾರದು. ತನ್ನ ಬಗ್ಗೆ ಒಂದು ಬೆಚ್ಚನೆಯ ಪ್ರೀತಿ ಅವಳ ಎದೆಯಲ್ಲಿ ಎದ್ದಿತು. ಕವರಿನಿಂದ ಒಂದು ಸ್ಟ್ರಿಪ್ ತೆಗೆದು, ಲೋಟ ಇಟ್ಟು, ಅವನ ಹತ್ತಿರ ಹೋದಳು.

‘ನೀವು ಇದನ್ನ ಇಟ್ಕೊಳ್ಳಿ. ನನಗೆ ಸದ್ಯಕ್ಕೆ ಒಂದು ಸಾಕು.’

ಗಿರಿ ಅವಳ ಕೈ ನೋಡಿದ. ಆಮೇಲೆ ಅಂಗಡಿಯ ಕಡೆ, ಬಸ್ಸಿನ ಕಡೆ, ರಸ್ತೆಯ ಆಚೆ ಬೈಕು ನಿಲ್ಲಿಸಿಕೊಂಡಿದ್ದ ಪೊಲೀಸಿನವನ ಕಡೆ ನೋಡಿದ. ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ.

‘ಬಿಲ್ ಯಾರ ಹೆಸ್ರಲ್ಲಿದೆ ಮೇಡಂ?’

‘ನನ್ನ ಹೆಸ್ರಲ್ಲೇ. ಅದನ್ಯಾರು ನೋಡ್ತಾರೆ?’

‘ನಿಮ್ಮ ಬ್ಯಾಗ್ ಯಾರೂ ನೋಡಲ್ಲ. ನನ್ನ ಬ್ಯಾಗಲ್ಲಿ ಬೇರೆಯವ್ರ ಮಾತ್ರೆ ಸಿಕ್ರೆ ಸ್ಟೇಷನ್ನಿಗೆ ಹೋಗ್ಬೇಕು. ಆಫೀಸಿಗೆ ಗೊತ್ತಾಗುತ್ತೆ.’ ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ‘ಅಲ್ಲೇ ಅಂಗಡೀಲಿ, ಇವ್ನು ಮೊದ್ಲು ಬಂದಿದ್ದು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನಿಮ್ಮ ಮಾತು ಕೇಳೋರು ಅವ್ರು.’

ನಾಳೆ ಏನು ಮಾಡುತ್ತೀರಿ ಎಂದು ಕೇಳಿದಳು. ಏನೋ ಒಂದು ಸುಳ್ಳು ಹೇಳಿ ರಜೆ ಹಾಕುತ್ತೇನೆ, ಕೊಡದಿದ್ದರೆ ಹತ್ತಬೇಕು, ಎಂದ. ಕಂಡಕ್ಟರ್ ಸೀಟಿ ಊದಿದ. ಗಿರಿ ಅವಳ ಚಾಚಿದ ಕೈಯನ್ನು ತಪ್ಪಿಸಿಕೊಂಡು, ಅದಕ್ಕೆ ತಾಗದ ಹಾಗೆ ಮೈ ಸ್ವಲ್ಪ ಓರೆ ಮಾಡಿ, ಬಸ್ಸು ಹತ್ತಿದ. ಅವನು ಹಾಗೆ ಓರೆ ಮಾಡಿದ್ದನ್ನು ಚಹದಂಗಡಿಯವನು ನೋಡಿದ. ಸೊಕ್ಕು, ಎಂದಳು ಧನ್ಯಾ ಮನಸ್ಸಿನಲ್ಲೇ. ಕೊಟ್ಟದ್ದನ್ನು ತೆಗೆದುಕೊಳ್ಳಲೂ ಬಾರದವರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು ನನ್ನ ಕತೆ. ಎರಡೂ ಮಾತು ನಂಜಮ್ಮನವು, ಬಾಯಿಯೊಂದು ತನ್ನದು. ಕಾರಿನಲ್ಲಿ ಕೂತು ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಒತ್ತಿ ತೆಗೆದು, ನೀರಿಲ್ಲದೆ ನುಂಗಿದಳು. ಹೊತ್ತು ಮೀರಿತ್ತು, ಈಗ ತೆಗೆದುಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನುಂಗಿದ ಮೇಲೆ ನೆನಪಾಯಿತು.

ಮೂಡಿಗೆರೆ ದಾರಿಯ ಹ್ಯಾಂಡ್‌ಪೋಸ್ಟ್ ಹತ್ತಿರ ಬರುವಾಗ ಮಾತ್ರೆಯ ಕೆಲಸ ಆರಂಭವಾಯಿತು. ವಾರದಿಂದ ತಲೆಯೊಳಗೆ ಗಲಾಟೆ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ರಸ್ತೆ ರಸ್ತೆಯಾಗಿ ಕಂಡಿತು. ನಾಳೆಯ ಕೆಲಸಗಳು ಸಾಲಾಗಿ ನಿಂತವು, ಪುರೋಹಿತರಿಗೆ ಹೇಳಬೇಕಾದದ್ದು, ಹೂವಿನವನಿಗೆ ಹೇಳಬೇಕಾದದ್ದು. ಆದರೆ ಎಲ್ಲಕ್ಕಿಂತ ಮುಂದೆ ಆ ಒಂದು ಮಾತು ನಿಂತಿತ್ತು, ಒಂದು ಮಾತು ಹೇಳಿದ್ರೆ ಆಗ್ತಿತ್ತು. ಇಂಥ ಮಾತುಗಳು ಅವಳಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಯಾವುದೋ ಹಕ್ಕಿ, ಯಾವುದೋ ಹಾಡು, ಎದುರಿನ ಲಾರಿಯ ಹಿಂದೆ ಬರೆದ ಅಕ್ಷರ ಬಂದು ಅವನ್ನು ಎಳೆದುಕೊಂಡು ಹೋಗುತ್ತದೆ. ಅದು ಈಗಲೂ ಹೋಗಲಿ ಎಂದು ಕಾದಳು. ಲಾರಿ ಬಂತು, ಹೋಯಿತು. ಮಾತು ಅಲ್ಲೇ ಇತ್ತು. ಕಾರನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದಳು. ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಏನು ಹೇಳಬೇಕೆಂದು ಸ್ಪಷ್ಟವಾಗಿ ಗೊತ್ತಿತ್ತು: ಮಂಗಳವಾರ ಬರುವುದನ್ನು ಆ ಹುಡುಗನಿಗೆ ಕೊಡಿ, ಅವನ ಚೀಟಿ ಸರಿಯಾಗಿದೆ, ನನ್ನದೇ ಸರಿಯಿರಲಿಲ್ಲ.

ರೇವಣ್ಣ ಅವಳ ಧ್ವನಿ ಗುರುತು ಹಿಡಿದ. ಅವಳು, ಬೆಳಗ್ಗೆಯಿಂದ ನಿಂತಿದ್ದನಲ್ಲ ಆ ಕಳಸದ ಹುಡುಗ, ಎನ್ನುವಷ್ಟರಲ್ಲಿ ಅವನೇ ಮಾತು ಕಿತ್ತುಕೊಂಡ. ‘ಏನಾದ್ರೂ ತೊಂದ್ರೆ ಕೊಟ್ನಾ ಅಮ್ಮ ನಿಮಗೆ? ನೀವೇನೂ ಯೋಚ್ನೆ ಮಾಡ್ಬೇಡಿ. ಅವನನ್ನ ಇನ್ನೊಂದ್ಸಲ ಅಂಗಡಿ ಹತ್ತಿಸಲ್ಲ. ಮಂಗಳವಾರ ಬರೋದೂ ನಿಮಗೇ ಎತ್ತಿಟ್ಟಿರ್ತೀನಿ.’

ರಸ್ತೆಯ ಮೇಲೆ ಯಾರೂ ಇರಲಿಲ್ಲ. ಅವಳ ತಲೆ ತೊಳೆದಿಟ್ಟ ಪಾತ್ರೆಯಂತೆ ಸ್ವಚ್ಛವಾಗಿತ್ತು. ಮಂಗಳವಾರ ಬರುವ ಸ್ಟ್ರಿಪ್ಪುಗಳು ಎಷ್ಟು ದಿನಕ್ಕೆ ಸಾಕಾಗುತ್ತವೆ, ಆಮೇಲೆ ಎರಡು ತಿಂಗಳು ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಬೇಕಿಲ್ಲ, ಯಾವ ಉಗುರಿನವನ ಮುಂದೆಯೂ ನಿಲ್ಲಬೇಕಿಲ್ಲ ಎಂಬುದೆಲ್ಲ ಅವಳಿಗೆ ಒಂದೇ ನೋಟಕ್ಕೆ ಕಂಡಿತು. ಇಲ್ಲ ರೇವಣ್ಣನವರೇ, ನಾನು ಹೇಳಿದ್ದು ಅದಲ್ಲ, ಎಂಬ ವಾಕ್ಯವೂ ನಾಲಿಗೆಯ ಮೇಲೆ ಪೂರ್ತಿಯಾಗಿ, ಒಂದಕ್ಷರ ತಪ್ಪದೆ ಇತ್ತು.

‘ಆಗ್ಲಿ ರೇವಣ್ಣನವರೇ, ಉಪಕಾರವಾಯ್ತು’ ಎಂದಳು.

ಫೋನನ್ನು ಬ್ಯಾಗಿಗೆ ಹಾಕಿ ಕಾರು ಚಾಲೂ ಮಾಡಿದಳು. ಮರೆತೆ ಎನ್ನುವ ಹಾಗಿರಲಿಲ್ಲ. ಮನಸ್ಸು ಬೇರೆಲ್ಲೋ ಇತ್ತು ಎನ್ನುವ ಹಾಗೂ ಇರಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವಳು ಒಂದು ಕೆಲಸವನ್ನು ಪೂರ್ಣ ಗಮನವಿಟ್ಟು ಮಾಡಿದ್ದಳು.